ಪದವಿಯಲ್ಲಿ ಪರಿಸರ ವಿಜ್ಞಾನ: ಗಡಿಯ ಮಕ್ಕಳಿಗೆ ಯಾವ ವಿಷಯದ ಜೊತೆ?

2025ರ ಜೂನ್ ತಿಂಗಳಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯ ಪೆದ್ದ ಧನ್ವಾಡದಲ್ಲಿ ಎಥನಾಲ್ ಕಾರ್ಖಾನೆಯನ್ನು ವಿರೋಧಿಸಿ ಸುತ್ತಲಿನ ರೈತರು ಬೀದಿಗಿಳಿದರು. ಅದಕ್ಕೂ ಮೊದಲು ನಾರಾಯಣಪೇಟೆ ಜಿಲ್ಲೆಯ ಮರಿಕಲ್ ಮಂಡಲದ ಚಿತ್ತನೂರಿನಲ್ಲಿ ಇಂಥದೇ ಹೋರಾಟ ನಡೆದಿತ್ತು. ಎರಡೂ ಕಡೆ ಜನರ ಆತಂಕ ನೀರು, ಗಾಳಿ ಮತ್ತು ಹೊಲದ ಮಣ್ಣನ್ನು ಕುರಿತದ್ದು. ಆ ಆತಂಕ ಎಷ್ಟು ನಿಜವೆಂದು ತೂಗಿ ನೋಡಲು ಪರೀಕ್ಷಾ ವರದಿಯನ್ನು ಓದಬಲ್ಲವರು ಬೇಕು. ಅಂಥವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಇದ್ದಾರೆ? ಇಂಟರ್ ಮುಗಿಸಿದ ಮಕ್ಕಳಿಗೆ ‘ದೋಸ್ತ್’ ಮೂಲಕ ಪದವಿಯ ವಿಷಯ ಆರಿಸುವ ಪಾಲಕರ ಮುಂದೆ ನಾವು ಇಡುವ ಪ್ರಶ್ನೆ ಇದೇ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ವರದಿಯ ಸಾರಾಂಶವು ಇಂಗ್ಲಿಷಿನಲ್ಲಿಯೂ ರಾಜ್ಯದ ಅಧಿಕೃತ ಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿಯೂ ಸಿಗಬೇಕು. 2021ರ ಜೂನ್ ತಿಂಗಳ ತಿದ್ದುಪಡಿಯು, ಪೆಟ್ರೋಲಿನಲ್ಲಿ ಬೆರೆಸುವುದಕ್ಕಾಗಿಯೇ ಎಥನಾಲ್ ತಯಾರಿಸುವ, ತ್ಯಾಜ್ಯ ನೀರನ್ನು ಹೊರಬಿಡದ ಘಟಕಗಳನ್ನು ‘ಬಿ-2’ ವರ್ಗಕ್ಕೆ ಸೇರಿಸಿತು. ಆ ವರ್ಗಕ್ಕೆ ಅಹವಾಲು ಸಭೆಯ ಅಗತ್ಯವಿಲ್ಲ. ಸಭೆಯಲ್ಲಿ ಪ್ರಶ್ನಿಸುವ ಅವಕಾಶ ಕಿರಿದಾದಷ್ಟೂ ದಾಖಲೆಗಳನ್ನು ತಾವೇ ಓದಿ ಊರಿಗೆ ಕನ್ನಡದಲ್ಲಿ ತಿಳಿಹೇಳುವ ವಿದ್ಯಾವಂತರ ಅಗತ್ಯ ಹೆಚ್ಚುತ್ತದೆ.

ಪದವಿಯಲ್ಲಿ ಪರಿಸರದ ಪಾಠ ಈಗಲೂ ಇದೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನೀಡಿದ ನಿರ್ದೇಶನದ ಫಲವಾಗಿ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಕಡ್ಡಾಯ ಪತ್ರಿಕೆಯೊಂದು ಬಂದಿತು. ಆದರೆ ಒಂದು ಪತ್ರಿಕೆಯಲ್ಲಿ ಉತ್ತೀರ್ಣರಾದ ಮಾತ್ರಕ್ಕೆ ವರದಿ ಓದುವ ಬಲ ಬರುವುದಿಲ್ಲ. ಪರಿಸರ ವಿಜ್ಞಾನವೊಂದನ್ನೇ ಹಿಡಿದರೆ ಓದಿನ ಹರವು ದೊಡ್ಡದು, ಆಳ ಕಡಿಮೆ. ಆದ್ದರಿಂದ ಗಟ್ಟಿಯಾದ ಇನ್ನೊಂದು ವಿಷಯದ ಜೊತೆಯಲ್ಲಿ ಅದನ್ನು ಓದುವುದು ಒಳಿತೆಂಬುದು ನಮ್ಮ ಅಭಿಮತ.

ರಸಾಯನಶಾಸ್ತ್ರ ಓದಿದವರು ಕೊಳವೆಬಾವಿಯ ನೀರನ್ನು ತಾವೇ ಪರೀಕ್ಷಿಸಬಲ್ಲರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದ ಕಡೆ 1.5ರವರೆಗೆ ಸಹ್ಯ. ಅದನ್ನು ಮೀರಿದರೆ ಹಲ್ಲಿಗೂ ಮೂಳೆಗೂ ಹಾನಿ. ಭೂಗೋಳಶಾಸ್ತ್ರ ಓದಿದವರಿಗೆ ತಂಗಡಿಯ ಬಳಿ ಭೀಮೆ ಕೃಷ್ಣೆಯನ್ನು ಕೂಡುವುದು, ಜೂರಾಲ ಜಲಾಶಯ, 2009ರ ಅಕ್ಟೋಬರಿನಲ್ಲಿ ಆಲಂಪುರವನ್ನು ಮುಳುಗಿಸಿದ ಪ್ರವಾಹ ಇವೆಲ್ಲವೂ ಕಣ್ಣೆದುರಿನ ಪಾಠಗಳು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವರು ರಾಜೋಳಿಬಂಡ ತಿರುವು ಯೋಜನೆಯ ನೀರಿನ ಹಂಚಿಕೆಯನ್ನು ಎರಡೂ ದಡದಿಂದ ನೋಡಬಲ್ಲರು.

ದಾರಿಗಳೂ ಇವೆ. 2022ರ ಏಪ್ರಿಲ್‌ನಿಂದ ಯುಜಿಸಿ ಏಕಕಾಲಕ್ಕೆ ಎರಡು ಪದವಿಗಳಿಗೆ ಅನುಮತಿ ನೀಡಿದೆ. ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಓದಬಹುದು. ತರಗತಿಯ ವೇಳೆ ಅಡ್ಡ ಬಾರದಿದ್ದರೆ ಎರಡನ್ನೂ ಕಾಲೇಜಿನಲ್ಲಿಯೇ ಓದಬಹುದು. ಆದರೆ ದೂರಶಿಕ್ಷಣದ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ಮೊದಲೇ ನೋಡಬೇಕು. ರಾಯಚೂರಿನಲ್ಲಿ ಪದವಿ ಓದಿದರೆ ತೆಲಂಗಾಣದ ನೌಕರಿಯಲ್ಲಿ ‘ಸ್ಥಳೀಯ’ರೆಂಬ ಹಕ್ಕು ತಪ್ಪುವುದೆಂಬ ಅಂಜಿಕೆ ಹಲವರಲ್ಲಿದೆ. 2018ರ ರಾಷ್ಟ್ರಪತಿ ಆದೇಶದಂತೆ 1ರಿಂದ 7ನೆಯ ತರಗತಿಯವರೆಗೆ ಹೆಚ್ಚು ವರ್ಷ ಎಲ್ಲಿ ಓದಿದರೆಂಬುದೇ ಅದಕ್ಕೆ ಆಧಾರ. ಊರಿನ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳಿಗೆ ಈ ಭಯ ಬೇಕಿಲ್ಲ.

ಶಿಕ್ಷಕ ವೃತ್ತಿಯನ್ನು ಬಯಸುವವರಿಗೆ ಎಚ್ಚರಿಕೆಯ ಮಾತೊಂದಿದೆ. ನೇಮಕಾತಿ ಅಧಿಸೂಚನೆಗಳು ಪದವಿಯಲ್ಲಿ ಓದಿರಬೇಕಾದ ವಿಷಯಗಳನ್ನು ಹೆಸರಿಸುತ್ತವೆ. ಆ ಪಟ್ಟಿಯಲ್ಲಿರುವ ವಿಷಯವನ್ನೇ ಮುಖ್ಯವಾಗಿಟ್ಟುಕೊಂಡು ಪರಿಸರ ವಿಜ್ಞಾನವನ್ನು ಅದರ ಜೊತೆಗೆ ಆರಿಸಿಕೊಳ್ಳಲಿ.

ನಮ್ಮ ಮಕ್ಕಳು ಅಂತರ್ಜಲ, ಮಾಲಿನ್ಯ, ಜೀವವೈವಿಧ್ಯ ಎಂಬ ಶಬ್ದಗಳನ್ನು ಕನ್ನಡದಲ್ಲಿ ಕಲಿತವರು. ಪದವಿಯಲ್ಲಿ ಅವು ಇಂಗ್ಲಿಷಿನಲ್ಲಿ ಎದುರಾದಾಗ ಕಂಗೆಡುತ್ತಾರೆ. ಪ್ರೌಢಶಾಲೆಯಿಂದಲೇ ಮೂರು ಭಾಷೆಗಳ ಪದಪಟ್ಟಿಯೊಂದನ್ನು ಬರೆದಿಡುವ ರೂಢಿ ಮಾಡಿಸಿದರೆ ಅರ್ಧ ಭಾರ ಇಳಿಯುತ್ತದೆ. ಹತ್ತಿರದ ಸರಕಾರಿ ಕಾಲೇಜಿನಲ್ಲಿ ಈ ವಿಷಯವಿಲ್ಲದಿದ್ದರೆ ಪ್ರಾಚಾರ್ಯರಿಗೂ ಪಾಲಮೂರು ವಿಶ್ವವಿದ್ಯಾಲಯಕ್ಕೂ ಪಾಲಕರು ಒಟ್ಟಾಗಿ ಮನವಿ ಸಲ್ಲಿಸಬೇಕು. ಕೇಳುವ ವಿದ್ಯಾರ್ಥಿಗಳಿದ್ದಾರೆಂದು ತೋರಿಸದೆ ಯಾವ ಕಾಲೇಜೂ ಹೊಸ ವಿಷಯ ತೆರೆಯದು.