ತಗ್ಗಿಸಿದ ಟ್ರಕ್‌ಗೆ ಮುಂದೆ ಸ್ವೇ ಬಾರ್ ಹಾಕಿದರೆ ಪಲ್ಟಿಯಾಗುವುದೇ ಇಲ್ಲವೇ?

ಅಮೆರಿಕದ ಹಳೆಯ ಪಿಕಪ್ ಟ್ರಕ್‌ಗಳ ರೀಲ್‌ಗಳನ್ನು ನೀವೂ ನೋಡಿರಬಹುದು. 1960ರ ದಶಕದ ಷೆವರ್ಲೆ ಸಿ10 ಅಥವಾ ಫೋರ್ಡ್ ಎಫ್-100, ಥಳಥಳ ಹೊಳೆಯುವ ಬಣ್ಣ, ನೆಲಕ್ಕೆ ತಾಗುವಷ್ಟು ತಗ್ಗಿಸಿದ ಬಾಡಿ. ಮೊದಲ ದೃಶ್ಯದಲ್ಲಿ ಗಾಡಿ ತಿರುವಿನಲ್ಲಿ ಒಂದು ಕಡೆಗೆ ವಾಲುತ್ತದೆ. ಆಮೇಲೆ ಮುಂಭಾಗದ ಅಡಿಯಲ್ಲಿ ಉಕ್ಕಿನ ಒಂದು ಸರಳು ಕೂರಿಸುತ್ತಾರೆ. ಅದೇ ತಿರುವಿನಲ್ಲಿ ಗಾಡಿ ಈಗ ಮಟ್ಟಸವಾಗಿ ಹೋಗುತ್ತದೆ. ಇಂಥ ವಿಡಿಯೊಗಳ ಜೊತೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, ‘ಸ್ವೇ ಬಾರ್ ಹಾಕಿದರೆ ಎಷ್ಟೇ ವೇಗದಲ್ಲಿ ತಿರುಗಿಸಿದರೂ ಪಲ್ಟಿಯಾಗುವುದಿಲ್ಲ’. ಇನ್ನೊಂದು ಅದಕ್ಕೆ ಉಲ್ಟಾ: ‘ಗಾಡಿ ತಗ್ಗಿಸಿದ ಮೇಲೆ ವಾಲುವುದೇ ಇಲ್ಲ, ಬಾರ್ ದಂಡದ ಖರ್ಚು’. ಎರಡರಲ್ಲೂ ಸ್ವಲ್ಪ ನಿಜವಿದೆ, ಹಾಗಾಗಿಯೇ ಎರಡೂ ಸುಲಭವಾಗಿ ಹರಡುತ್ತವೆ.

ಮೊದಲು ಈ ಬಾರ್ ಏನು ಮಾಡುತ್ತದೆ ನೋಡೋಣ. ಇದು ಅಗಲವಾದ ‘ಯು’ ಆಕಾರದ ಸರಳು. ನಡುಭಾಗ ಚಾಸಿಗೆ ರಬ್ಬರ್ ಬುಷ್ ಮೂಲಕ ಜೋಡಿಸಿರುತ್ತದೆ, ಎರಡು ತುದಿಗಳು ಚಿಕ್ಕ ಲಿಂಕ್‌ಗಳ ಮೂಲಕ ಎಡ ಮತ್ತು ಬಲ ಚಕ್ರಗಳ ಕಡೆಗೆ ಸೇರುತ್ತವೆ. ನಮ್ಮ ರಸ್ತೆಗಳಲ್ಲಿ ಓಡಾಡುವ ಎಷ್ಟೋ ಕಾರುಗಳಲ್ಲೂ ಇದು ಇದೆ. ಗುಂಡಿ ಬಿದ್ದ ರಸ್ತೆಯಲ್ಲಿ ಮುಂದೆ ಕಟಕಟ ಸದ್ದು ಬಂದಾಗ ಮೆಕ್ಯಾನಿಕ್ ‘ಲಿಂಕ್ ರಾಡ್ ಹೋಗಿದೆ’ ಎನ್ನುತ್ತಾರಲ್ಲ, ಆ ಲಿಂಕ್ ಸೇರುವುದು ಸಾಮಾನ್ಯವಾಗಿ ಈ ಬಾರ್‌ಗೇ.

ಎರಡೂ ಚಕ್ರಗಳು ಒಟ್ಟಿಗೆ ಹಂಪ್ ಹತ್ತಿದರೆ ಬಾರ್ ತನ್ನ ಬುಷ್‌ನಲ್ಲಿ ಸುಮ್ಮನೆ ತಿರುಗುತ್ತದೆ. ತಿರುವಿನಲ್ಲಿ ಗಾಡಿ ವಾಲಿದಾಗ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ ಹೋಗಿ ಸರಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ವಿರೋಧಿಸುವ ಉಕ್ಕಿನ ಗುಣವೇ ಗಾಡಿ ವಾಲುವುದನ್ನು ತಡೆಯುವುದು. ಇಲ್ಲಿ ದಪ್ಪಕ್ಕೆ ಭಾರೀ ಬೆಲೆ. ಬಿಗಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ಒಂದು ಇಂಚಿನ ಬಾರ್ ತೆಗೆದು ಒಂದೂಕಾಲು ಇಂಚಿನದನ್ನು ಹಾಕಿದರೆ, ಉಳಿದೆಲ್ಲ ಅಳತೆ ಒಂದೇ ಇದ್ದರೂ ಬಿಗಿ ಸುಮಾರು 2.4 ಪಟ್ಟಾಗುತ್ತದೆ. ನೋಡುವುದಕ್ಕೆ ಕಾಲು ಇಂಚಿನ ವ್ಯತ್ಯಾಸ ಅಷ್ಟೇ.

ಹಾಗಾದರೆ ತಗ್ಗಿಸಿದ ಗಾಡಿಗೆ ಇದು ಬೇಕೇ? ತಗ್ಗಿಸಿದಾಗ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ, ಅದು ಒಳ್ಳೆಯದೇ. ಆದರೆ ಗಾಡಿ ವಾಲುವುದು ‘ರೋಲ್ ಸೆಂಟರ್’ ಎಂಬ ಕಾಲ್ಪನಿಕ ಬಿಂದುವಿನ ಸುತ್ತ. ಈ ಬಿಂದುವಿಗೂ ಗುರುತ್ವ ಕೇಂದ್ರಕ್ಕೂ ನಡುವಿನ ಅಂತರ ಒಂದು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. 1967–72ರ ಸಿ10ರಂತಹ ಗಾಡಿಯಲ್ಲಿ ಮುಂದಿನ ಸ್ಪ್ರಿಂಗ್ ಗಿಡ್ಡ ಮಾಡಿ ತಗ್ಗಿಸಿದರೆ ಕಂಟ್ರೋಲ್ ಆರ್ಮ್‌ಗಳ ಕೋನ ಬದಲಾಗುತ್ತದೆ. ಆಗ ರೋಲ್ ಸೆಂಟರ್ ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗೆ ಜಾರಬಹುದು. ಅಂದರೆ ಗಾಡಿ ಕುಳ್ಳಗಾದರೂ ಸನ್ನೆಗೋಲು ಉದ್ದವಾಗುತ್ತದೆ. ತಗ್ಗಿಸಿದ ಮೇಲೂ ವಾಲುವುದು ಕಡಿಮೆಯಾಗಲಿಲ್ಲ ಎಂದು ಮಾಲೀಕರು ಗೊಣಗುವುದಕ್ಕೆ ಇದೂ ಒಂದು ಕಾರಣ. ಡ್ರಾಪ್ ಸ್ಪಿಂಡಲ್ ಹಾಕಿ ತಗ್ಗಿಸಿದರೆ ಆರ್ಮ್‌ಗಳ ಕೋನ ಹಾಗೇ ಉಳಿಯುವುದರಿಂದ ಈ ತೊಂದರೆ ಅಷ್ಟಾಗಿ ಇಲ್ಲ.

ಇನ್ನು ಪಲ್ಟಿಯ ಮಾತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವಾಹನಗಳ ಪಲ್ಟಿ ಅಪಾಯ ಅಳೆಯಲು ಒಂದು ಸರಳ ಲೆಕ್ಕ ಬಳಸುತ್ತದೆ: ಎಡ-ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುವುದು. ಉತ್ತರ ದೊಡ್ಡದಾದಷ್ಟೂ ಒಳ್ಳೆಯದು. ಅಗಲ 160 ಸೆಂ.ಮೀ., ಎತ್ತರ 70 ಸೆಂ.ಮೀ. ಎಂದುಕೊಳ್ಳಿ. 80 ಭಾಗಿಸು 70, ಅಂದರೆ 1.14. ಗುರುತ್ವ ಕೇಂದ್ರ 10 ಸೆಂ.ಮೀ. ಇಳಿದರೆ ಅದು 1.33 ಆಗುತ್ತದೆ. ತಗ್ಗಿಸುವುದರಿಂದ ನಿಜಕ್ಕೂ ಲಾಭವಿದೆ. ಈ ಲೆಕ್ಕದಲ್ಲಿ ಸ್ವೇ ಬಾರ್ ಎಲ್ಲಿದೆ? ಎಲ್ಲೂ ಇಲ್ಲ. ವಾಲಿದಾಗ ಭಾರ ಹೊರಗೆ ಸರಿಯುವುದನ್ನು ಅದು ತುಸು ಕಡಿಮೆ ಮಾಡುತ್ತದೆ, ಅಷ್ಟೇ. ಅಲ್ಲದೆ, ಒಂದೇ ವಾಹನದ ಪಲ್ಟಿ ಅಪಘಾತಗಳಲ್ಲಿ ಶೇ. 95ರಷ್ಟರಲ್ಲಿ ಗಾಡಿ ರಸ್ತೆ ಬಿಟ್ಟು ಹೋಗಿ ಮೆದು ಮಣ್ಣಿಗೋ ಕಟ್ಟೆಗೋ ತಡೆಗೋಡೆಗೋ ಎಡವಿರುತ್ತದೆ ಎನ್ನುತ್ತದೆ ಇದೇ ಸಂಸ್ಥೆ. ಚಕ್ರ ಹಾಗೆ ಸಿಕ್ಕಿಕೊಂಡರೆ ಯಾವ ಬಾರ್ ಏನು ಮಾಡೀತು?

ನಮಗೆ ಚಿಂತೆಯಾಗುವುದು ಬೇರೊಂದು ವಿಷಯ. ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಒಟ್ಟು ಎಷ್ಟು ಭಾರ ಸರಿಯುತ್ತದೆ ಎನ್ನುವುದನ್ನು ಮುಖ್ಯವಾಗಿ ವೇಗ, ತಿರುವಿನ ಬಿಗಿ, ಎತ್ತರ ಮತ್ತು ಅಗಲ ತೀರ್ಮಾನಿಸುತ್ತವೆ. ಮುಂದಿನ ಬಾರ್ ಆ ಭಾರದಲ್ಲಿ ಹೆಚ್ಚಿನ ಪಾಲನ್ನು ಮುಂದಿನ ಜೋಡಿಯ ಮೇಲೆ ಹೊರಿಸುತ್ತದೆ. ಅತಿಯಾದರೆ ಮುಂದಿನ ಟೈರ್‌ಗಳು ಮೊದಲು ಹಿಡಿತ ಕಳೆದುಕೊಂಡು, ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ತಳ್ಳಿಕೊಂಡು ಹೋಗುತ್ತದೆ. ಖಾಲಿ ಪಿಕಪ್‌ನಲ್ಲಿ ಇದಕ್ಕೊಂದು ಒಳ್ಳೆಯ ಮುಖವೂ ಇದೆ. ಅದರ ಹಿಂಭಾಗ ಹಗುರ. ಹಿಂದೆ ಮಾತ್ರ ದಪ್ಪ ಬಾರ್ ಹಾಕಿದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿ ಗಾಡಿ ಗಿರ್ರನೆ ತಿರುಗಬಹುದು. ಸಾಮಾನ್ಯ ಚಾಲಕನಿಗೆ ಹಿಂಭಾಗದ ಜಾರುವಿಕೆಗಿಂತ ಮುಂಭಾಗದ್ದು ಸಂಭಾಳಿಸಲು ಸುಲಭ. ಹಾಗಾಗಿ ಮೊದಲು ಮುಂದಿನ ಬಾರ್ ಎನ್ನುವ ಅನುಭವಿಗಳ ಸಲಹೆ ಸರಿಯಾಗಿಯೇ ಇದೆ. ವಾಲುವುದು ಕಡಿಮೆಯಾದಾಗ ಹಳೆಯ ಸಸ್ಪೆನ್ಷನ್‌ನಲ್ಲೂ ಟೈರ್ ರಸ್ತೆಗೆ ಹೆಚ್ಚು ಸಪಾಟಾಗಿ ಕೂರುತ್ತದೆ, ಆ ಮಟ್ಟಿಗೆ ಹಿಡಿತವೂ ಸುಧಾರಿಸುತ್ತದೆ.

ಅಪಾಯ ಇರುವುದು ಚಾಲಕನ ತಲೆಯೊಳಗೆ. ಗಾಡಿ ವಾಲುವುದು ಒಂದು ಎಚ್ಚರಿಕೆ ಕೂಡ ಹೌದು. ಅದು ಮಾಯವಾದರೆ ಟೈರ್ ತನ್ನ ಮಿತಿಗೆ ಬಂದಿದ್ದು ಗೊತ್ತಾಗುವುದು ತಡವಾಗುತ್ತದೆ. ವಿಡಿಯೊದಲ್ಲಿ ಮಟ್ಟಸವಾಗಿ ಕಾಣುವ ಗಾಡಿ ಎಷ್ಟು ವೇಗದಲ್ಲಿತ್ತು, ನಡುವೆ ಟೈರ್ ಬದಲಿಸಿದ್ದರೇ ಎಂಬುದು ಯಾವ ರೀಲ್‌ನಲ್ಲೂ ತಿಳಿಯುವುದಿಲ್ಲ.

ಜೋಡಿಸುವಾಗಲೂ ತಗ್ಗಿಸಿದ ಟ್ರಕ್‌ಗೆ ಬೇರೆಯೇ ಎಚ್ಚರ ಬೇಕು. ಸ್ಪ್ರಿಂಗ್ ಗಿಡ್ಡ ಮಾಡಿದ್ದರೆ ಆರ್ಮ್ ಚಾಸಿಯ ಹತ್ತಿರಕ್ಕೆ ಏರಿರುತ್ತದೆ. ಅದೇ ಹಳೆಯ ಉದ್ದದ ಲಿಂಕ್ ಹಾಕಿದರೆ ಬಾರ್‌ನ ತೋಳು ಓರೆಯಾಗಿ ನಿಂತು ಟೈ ರಾಡ್‌ಗೋ ಚಾಸಿಗೋ ಬಡಿಯಬಹುದು. ಗಾಡಿ ತನ್ನ ಭಾರದ ಮೇಲೆ ನಿಂತಾಗ ತೋಳು ಹೆಚ್ಚುಕಡಿಮೆ ಮಟ್ಟವಾಗಿರಬೇಕು. ಎಡ-ಬಲ ಲಿಂಕ್ ಉದ್ದ ಬೇರೆಯಾದರೆ ನಿಂತಲ್ಲೇ ಬಾರ್ ತಿರುಚಿಕೊಂಡು ಎರಡು ಚಕ್ರಗಳ ಮೇಲಿನ ಭಾರ ಏರುಪೇರಾಗುತ್ತದೆ. ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಸಸ್ಪೆನ್ಷನ್ ಪೂರ್ತಿ ಒತ್ತಿ ನೋಡದೆ ರಸ್ತೆಗಿಳಿಸುವಂತಿಲ್ಲ. ಬಾರ್ ಹಿಡಿಯುವ ಚಾಸಿ ಐವತ್ತು-ಅರವತ್ತು ವರ್ಷ ಹಳೆಯದು. ಅಲ್ಲಿ ತುಕ್ಕು, ಬಿರುಕು ಇದೆಯೇ ಎಂದೂ ನೋಡಬೇಕು. ಸ್ಪ್ರಿಂಗ್ ಕತ್ತರಿಸಿ ಗಾಡಿ ಬಂಪ್ ಸ್ಟಾಪ್ ಮೇಲೇ ಕುಳಿತಿದ್ದರಂತೂ ಯಾವ ಬಾರ್ ಹಾಕಿದರೂ ಅದು ಸರಿಹೋಗದು.

ಇಲ್ಲಿ ನಮ್ಮ ಗಾಡಿಗೂ ಹೀಗೆ ಮಾಡಿಸೋಣ ಎನ್ನುವವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೆ ಕಡಿವಾಣ ಹಾಕುತ್ತದೆ. ತಯಾರಕರು ಮೂಲತಃ ಕೊಟ್ಟ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಸವೆದ ಬುಷ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್‌ಗಳನ್ನು ಕಂಪನಿಯದೇ ಅಳತೆಯಲ್ಲಿ ಬದಲಿಸಲು ಇದರಿಂದ ಅಡ್ಡಿಯಿಲ್ಲ. ವಾಲುವ ಎಷ್ಟೋ ಗಾಡಿಗಳಿಗೆ ಬೇಕಿರುವುದು ಅದೇ.