ಪಗಡಿಯ ಖೋಲಿಯೂ ವಿವಾಹದ ಹಕ್ಕೂ

ಗ್ರಾಂಟ್ ರೋಡ್ ನಿಲ್ದಾಣದಿಂದ ಪೂರ್ವಕ್ಕಿಳಿದು, ಲ್ಯಾಮಿಂಗ್ಟನ್ ರಸ್ತೆಯ ಗದ್ದಲವನ್ನು ಬೆನ್ನ ಹಿಂದಿಟ್ಟು ಒಳಗಲ್ಲಿಯನ್ನು ಹೊಕ್ಕರೆ ಸಿಗುವ ಹಳೆಯ ಚಾಳೊಂದರ ಮೂರನೆಯ ಮಾಳಿಗೆಯಲ್ಲಿ, ನಾನು ಬಲ್ಲ ಇಬ್ಬರು ಗಂಡಸರು ಮೂವತ್ತು ವರುಷಗಳಿಗೂ ಮಿಕ್ಕು ಒಂದೇ ಖೋಲಿಯಲ್ಲಿ ಸಂಸಾರ ಹೂಡಿಕೊಂಡಿದ್ದರು. ಹಿರಿಯರು ಉಡುಪಿ ಕಡೆಯಿಂದ ಬಂದು ಹೋಟೆಲಿನ ಗಲ್ಲೆಯ ಮೇಲೆ ಕುಳಿತವರು. ಕಿರಿಯರು ಧಾರವಾಡದ ಕಡೆಯವರು, ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವರು. ಚಾಳಿನ ಮಕ್ಕಳಿಗೆ ಅವರು ‘ಇಬ್ಬರು ಮಾಮಂದಿರು’. ದೊಡ್ಡವರು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಹಿರಿಯರು ತೀರಿಕೊಂಡ ಮರುತಿಂಗಳು ಕಿರಿಯರು ಬಾಡಿಗೆ ಕೊಡಹೋದಾಗ, ಮಾಲೀಕನ ಗುಮಾಸ್ತನು ಹಣವನ್ನು ಮುಟ್ಟದೆ, ರಸೀದಿ ಪುಸ್ತಕವನ್ನು ಮಡಚಿಟ್ಟು, ‘ನೀವು ಅವರಿಗೆ ಏನಾಗಬೇಕು?’ ಎಂದು ಕೇಳಿದನಂತೆ.

ಸಲಿಂಗ ವಿವಾಹದ ಚರ್ಚೆಯು ನಮ್ಮಲ್ಲಿ ಬಹುಮಟ್ಟಿಗೆ ಧರ್ಮಶಾಸ್ತ್ರ, ಸಂಸ್ಕಾರ, ಪಾಶ್ಚಾತ್ಯ ಅನುಕರಣೆ ಎಂಬ ಎತ್ತರದ ಪದಗಳಲ್ಲೇ ನಡೆದುಬಂದಿರುವುದರಿಂದ, ಆ ಗುಮಾಸ್ತನ ಪ್ರಶ್ನೆಯೇ ಅದರ ತಿರುಳೆಂಬುದು ನಮ್ಮ ಲಕ್ಷ್ಯಕ್ಕೆ ಬಾರದೆ ಹೋಗಿದೆ.

ಆ ಖೋಲಿ ಪಗಡಿಯದು. ಪಗಡಿಯೆಂದರೆ, ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ, ಮೊದಲಿಗೆ ದೊಡ್ಡ ಮೊತ್ತವನ್ನು ತೆತ್ತು, ಆಮೇಲೆ ತೀರ ಅಲ್ಪ ಬಾಡಿಗೆಗೆ ತಲೆಮಾರುಗಳವರೆಗೆ ವಾಸಿಸತಕ್ಕ ಹಕ್ಕು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಬಾಡಿಗೆದಾರನು ಮೃತನಾದರೆ, ಆ ಕಾಲಕ್ಕೆ ಆತನೊಡನೆ ವಾಸವಾಗಿದ್ದ ಕುಟುಂಬದ ಸದಸ್ಯನಿಗೂ, ಅಂಥವರಿಲ್ಲದಿದ್ದಲ್ಲಿ ವಾರಸುದಾರನಿಗೂ ಆ ಹಕ್ಕು ಸಲ್ಲುತ್ತದೆ. ಹಾಗಾದರೆ ಉಯಿಲು ಬರೆದಿಡಬಾರದಾಗಿತ್ತೇ ಎಂದು ಕೇಳುವವರುಂಟು. ಬರೆದಿಟ್ಟರೂ ಫಲವಿಲ್ಲ, ಇದಕ್ಕೆ ಮುಂಚಿನ ಬೊಂಬಾಯಿ ಬಾಡಿಗೆ ಕಾಯಿದೆಯ ‘ವಾರಸುದಾರ’ ಎಂಬ ಪದದೊಳಗೆ ಉಯಿಲಿನಿಂದ ಪಡೆದವನು ಸೇರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1994ರಲ್ಲಿಯೇ ತೀರ್ಮಾನಿಸಿದೆ. ಕಟ್ಟಡವು ಪುನರ್ನಿರ್ಮಾಣಕ್ಕೆ ಹೋಗುವುದೆಂಬ ಸುದ್ದಿ ಹಬ್ಬಿದೊಡನೆ, ಖೋಲಿಯ ಬದಲಿಗೆ ಸ್ವಂತದ ಫ್ಲಾಟು ದೊರೆಯುವ ಸಂಭವವಿರುವುದರಿಂದ, ಆಸ್ಪತ್ರೆಯ ದಿನಗಳಲ್ಲಿ ಒಮ್ಮೆಯೂ ಮುಖ ತೋರದ ಅಣ್ಣನ ಮಗನೊಬ್ಬನು ಊರಿನಿಂದ ಬಂದಿಳಿಯುತ್ತಾನೆ. ಹಿಂದೂ ಉತ್ತರಾಧಿಕಾರ ಕಾಯಿದೆಯ ಪಟ್ಟಿಯಲ್ಲಿ ಆತನಿಗೆ ಸ್ಥಾನವಿದೆ, ಮೂವತ್ತು ವರುಷ ಗಂಜಿ ಬೇಯಿಸಿ ಬಡಿಸಿದವನಿಗಿಲ್ಲ.

ಇಂಥದೇ ಮೊಕದ್ದಮೆಯನ್ನು ನ್ಯೂಯಾರ್ಕ್ ರಾಜ್ಯದ ಅತ್ಯುಚ್ಚ ನ್ಯಾಯಾಲಯವು 1989ರಲ್ಲಿ ವಿಚಾರಿಸಿತು. ಬಾಡಿಗೆ ನಿಯಂತ್ರಣಕ್ಕೊಳಪಟ್ಟ ಮನೆ, ತೀರಿಕೊಂಡ ಬಾಡಿಗೆದಾರ, ಹತ್ತು ವರುಷಗಳಿಂದ ಜೊತೆಗಿದ್ದ ಪುರುಷ ಸಂಗಾತಿ, ಹೊರಹಾಕಲು ಕಾದಿದ್ದ ಮಾಲೀಕ. ಕುಟುಂಬವೆಂಬುದನ್ನು ವಿವಾಹಪತ್ರದಿಂದಲ್ಲ, ಬಾಳಿದ ರೀತಿಯಿಂದ ಅಳೆಯಬೇಕೆಂದು ನ್ಯಾಯಾಲಯ ಹೇಳಿತು. ಆ ರಾಜ್ಯದಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ದೊರೆತುದು 2011ರಲ್ಲಿ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಇದೇ ಮಾತನ್ನು ಹೇಳಿದುದು 1999ರಲ್ಲಿ, ಎಂದರೆ ನಮ್ಮ ಕಾಯಿದೆ ಹುಟ್ಟಿದ ವರುಷದಲ್ಲಿಯೇ.

ನಮ್ಮ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು 2023ರ ಅಕ್ಟೋಬರ್ 17ರಂದು, ವಿವಾಹವಾಗುವ ಮೂಲಭೂತ ಹಕ್ಕು ಸಂವಿಧಾನದಲ್ಲಿಲ್ಲವೆಂದು ಏಕಕಂಠದಿಂದಲೂ, ಇಂಥ ಸಹಜೀವನಕ್ಕೆ ಮಾನ್ಯತೆ ನೀಡೆಂದು ಸರಕಾರಕ್ಕೆ ವಿಧಿಸಲಾಗದೆಂದು ಮೂವರಿಗೆ ಇಬ್ಬರ ಬಹುಮತದಿಂದಲೂ ತೀರ್ಪಿತ್ತರು. 2025ರ ಜನವರಿಯಲ್ಲಿ ಪುನರ್ವಿಮರ್ಶೆಯ ಅರ್ಜಿಗಳೂ ಬಿದ್ದುಹೋದವು. ಶಾಸನ ಮಾಡುವುದು ಶಾಸಕಾಂಗದ ಕೆಲಸವೆಂಬ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಶಾಸಕಾಂಗವು ಆ ಕೆಲಸವನ್ನು ಕೈಗೆತ್ತಿಕೊಂಡಿತೇ? ಸಂಪುಟ ಕಾರ್ಯದರ್ಶಿಗಳ ಅಧ್ಯಕ್ಷತೆಯಲ್ಲಿ ಸಮಿತಿಯೊಂದು 2024ರಲ್ಲಿ ನೇಮಕವಾಯಿತು. ಸಲಿಂಗ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲವೆಂಬ ಸ್ಪಷ್ಟನೆಯೂ, ಒಂದೇ ಪಡಿತರ ಚೀಟಿಯಲ್ಲಿ ಅವರ ಹೆಸರು ಸೇರಿಸಬಹುದೆಂಬ ಸೂಚನೆಯೂ ಹೊರಟವು. ಒಳ್ಳೆಯದೇ. ಆದರೆ ಇಂದು ಬ್ಯಾಂಕು, ನಾಳೆ ಪಡಿತರ, ನಾಡಿದ್ದು ಆದಾಯ ತೆರಿಗೆ (ಪತಿಪತ್ನಿಯರ ನಡುವಣ ಉಡುಗೊರೆಗಿರುವ ವಿನಾಯಿತಿಯನ್ನು ತಮಗೂ ಅನ್ವಯಿಸಬೇಕೆಂದು 2025ರಲ್ಲಿ ಇದೇ ಮುಂಬಯಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದವರಿದ್ದಾರೆ) ಎಂದು ಬಾಗಿಲು ಬಾಗಿಲಿಗೂ ಹೋಗಿ ಅಂಗಲಾಚತಕ್ಕ ಪಾಡು, ಮದುವೆಯಾದವರು ಒಂದು ಸಹಿಯಿಂದ ಪಡೆಯುವುದಕ್ಕೆ ಎಂದಿಗೂ ಸಮನಾಗದು.

ವಿವಾಹವು ಸಂಸ್ಕಾರವಾದುದರಿಂದ ಅದನ್ನು ಮುಟ್ಟಬಾರದೆನ್ನುವವರ ಶ್ರದ್ಧೆಯನ್ನು ನಾನು ಹಳಿಯಲಾರೆ. ಅವರ ಹೋಮಕುಂಡದ ಬಳಿಗೆ ಯಾರನ್ನೂ ಕರೆದೊಯ್ಯಬೇಕಾಗಿಯೂ ಇಲ್ಲ. 1954ರ ವಿಶೇಷ ವಿವಾಹ ಕಾಯಿದೆಯು ಪುರೋಹಿತನನ್ನು ಕೇಳುವುದಿಲ್ಲ. ಮೂವತ್ತು ದಿನಗಳ ಮುಂಗಡ ನೋಟೀಸು, ಮೂವರು ಸಾಕ್ಷಿಗಳು, ಅಧಿಕಾರಿಯ ಮೇಜು, ಇಷ್ಟೇ. ಅದರ ಬಾಗಿಲನ್ನು ತೆರೆಯಲು ಸಂಸತ್ತಿನಲ್ಲಿ ಒಂದು ತಿದ್ದುಪಡಿ ಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ: ಬಾಡಿಗೆ ಕಾಯಿದೆ ರಾಜ್ಯದ್ದು, ‘ಕುಟುಂಬ’ ಎಂಬ ಪದಕ್ಕೆ ಒಂದು ವಿವರಣೆ ಸೇರಿಸುವುದು ನಮ್ಮ ವಿಧಾನಮಂಡಲದ ಕೈಯಲ್ಲೇ ಇದೆ.

ಚಾಳಿನಿಂದ ಬಹುದೂರವಿಲ್ಲದ ಆಗಸ್ಟ್ ಕ್ರಾಂತಿ ಮೈದಾನದಿಂದ 2008ರ ಆಗಸ್ಟ್ 16ರಂದು ಗಿರಗಾಂವ ಚೌಪಾಟಿಗೆ ಬಣ್ಣದ ಬಾವುಟಗಳ ಮೆರವಣಿಗೆ ಹೊರಟಾಗ, ಇಬ್ಬರು ಮಾಮಂದಿರೂ ಫುಟ್‌ಪಾತಿನಲ್ಲಿ ನಿಂತು ನೋಡಿ, ತರಕಾರಿ ಕೊಂಡು ಮನೆಗೆ ಮರಳಿದರಂತೆ. ಈಗ ಕಿರಿಯರು ಬಾಡಿಗೆಯನ್ನು ಪ್ರತಿ ತಿಂಗಳೂ ಮನಿಆರ್ಡರ್ ಮಾಡುತ್ತಾರೆ. ಅದು ಪ್ರತಿ ತಿಂಗಳೂ ಹಿಂದಿರುಗುತ್ತದೆ. ಜೊತೆಗೆ ವಾಸವಿದ್ದುದಕ್ಕೆ ಪುರಾವೆಯಾಗಿ ಪಡಿತರ ಚೀಟಿ ಉಂಟೇ ಎಂದು ವಕೀಲರು ಕೇಳಿದ್ದಾರೆ. ಒಂದೇ ಚೀಟಿಯಲ್ಲಿ ಇಬ್ಬರ ಹೆಸರು ಸೇರಿಸಬಹುದೆಂಬ ಪ್ರಕಟಣೆ ಬಂದುದು 2024ರ ಸೆಪ್ಟೆಂಬರಿನಲ್ಲಿ. ಹಿರಿಯರು ತೀರಿಕೊಂಡುದು ಆ ವರುಷದ ಜೂನಿನಲ್ಲಿ, ಮೊದಲ ಮಳೆಯ ವಾರ.