ಪಾಸಾಗಿದ್ದಾಳೆ, ಆದ್ರೆ ನರ್ಸ್ ಆಗಿಲ್ಲ

ಸ್ವಲ್ಪ ಉದ್ದ ಇದೆ. ಮನೇಲಿ ನರ್ಸಿಂಗ್ ಓದೋ ಮಕ್ಕಳಿದ್ರೆ ದಯವಿಟ್ಟು ಪೂರ್ತಿ ಓದಿ.

ನಮ್ಮ ಹೊಂಗಡಹಳ್ಳದ ಕಡೆ ಕಾಫಿ ತೋಟದ ಲೈನ್ ಮನೇಲಿ ಬೆಳೆದ ಹುಡುಗಿಯೊಬ್ಬಳು ಬಿಎಸ್ಸಿ ನರ್ಸಿಂಗ್ ಮುಗಿಸಿದಳು. ನಾಲ್ಕು ವರ್ಷ, ಒಂದು ಸಬ್ಜೆಕ್ಟೂ ಫೇಲಿಲ್ಲ. ಏಪ್ರಿಲ್ 14ರ ಕಾರ್ಯಕ್ರಮಕ್ಕೆ ಕರೆದು ಶಾಲು ಹೊದಿಸಿದೆವು. ಹೊದಿಸಿದವನು ನಾನೇ. ಮೈಕಲ್ಲಿ 'ನಮ್ಮ ಕೇರಿಯ ಮೊದಲ ನರ್ಸ್' ಅಂದವನೂ ನಾನೇ. ಅವತ್ತು ಅವಳಿನ್ನೂ ನರ್ಸ್ ಆಗಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಮಳೆಗಾಲ ಮುಗಿಯೋ ಹೊತ್ತಿಗೆ, ಅವಳ ಅವ್ವ ದಾರೀಲಿ ನಿಲ್ಲಿಸಿ ಕೇಳಿದಾಗ: "ಪಾಸಾಗಿ ಆರ್ ತಿಂಗ್ಳಾಯ್ತಲ್ಲಣ್ಣ, ಆಸ್ಪತ್ರೇಲಿ ಇನ್ನೂ ಟ್ರೈನಿ ಅಂತಾರಂತೆ. ಇನ್ನೆಂಥ ಟ್ರೈನಿಂಗು?"

ಪರೀಕ್ಷೆ ಪಾಸಾದ್ರೆ ಸಿಗೋದು ಪದವಿ. ಕಾನೂನಿನ ಪ್ರಕಾರ ನರ್ಸ್ ಆಗೋದು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಬಿದ್ದ ಮೇಲೆ. ಆ ನಂಬರ್ ಇಲ್ಲದೆ ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಗೂ ಅರ್ಜಿ ಹಾಕೋಕಾಗಲ್ಲ, ಏಮ್ಸ್‌ನ ನಾರ್ಸೆಟ್ ಪರೀಕ್ಷೆಗೂ ಆಗಲ್ಲ, ವಿದೇಶದ ಮಾತಂತೂ ಬಿಡಿ. ಉಳಿಯೋದು ಸಣ್ಣ ನರ್ಸಿಂಗ್ ಹೋಮಿನ ಟ್ರೈನಿ ಕೆಲಸ. ಅವಳಿಗೆ ತಿಂಗಳಿಗೆ ಎಂಟೂವರೆ ಸಾವಿರ ಕೊಡ್ತಿದ್ರು. ಇಂಜೆಕ್ಷನ್, ಡ್ರಿಪ್, ನೈಟ್ ಡ್ಯೂಟಿ ಎಲ್ಲಾ ಅವಳದ್ದೇ; ಹಾಜರಿ ಪುಸ್ತಕದಲ್ಲಿ ಮಾತ್ರ ಟ್ರೈನಿ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2016ರಲ್ಲಿ ಕೇಂದ್ರ ರಚಿಸಿದ ತಜ್ಞರ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೇಲೂ ನರ್ಸ್‌ಗಳಿಗೆ 20,000ಕ್ಕಿಂತ ಕಡಿಮೆ ಕೊಡಬಾರದು ಅಂದಿತ್ತು. ರಿಜಿಸ್ಟರ್ ಆದವರಿಗೇ ಅದು ಸರಿಯಾಗಿ ಸಿಗ್ತಿಲ್ಲ. ಇವಳು ಯಾವ ಬಾಯಲ್ಲಿ ಕೇಳಬೇಕು?

ಯಾಕಮ್ಮ ರಿಜಿಸ್ಟ್ರೇಷನ್ ಮಾಡಿಸಿಲ್ಲ ಅಂದೆ. ತಲೆ ತಗ್ಗಿಸಿ ಹೇಳಿದಳು: "ಒರಿಜಿನಲ್ಸ್ ಕಾಲೇಜಲ್ಲೇ ಅವೆ ಅಣ್ಣ. ಫೀಸ್ ಬಾಕಿ ಐತೆ."

ಬಾಕಿ ಹೇಗಾಯ್ತು? 2021ರಿಂದೀಚೆಗೆ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ನೇರ ವಿದ್ಯಾರ್ಥಿ ಖಾತೆಗೆ ಬರುತ್ತೆ. ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಕಾಲೇಜುಗಳು ಮಕ್ಕಳ ಹೆಸರಲ್ಲಿ ದುಡ್ಡು ನುಂಗೋದನ್ನ ನಾವೇ ಬೀದೀಲಿ ನಿಂತು ವಿರೋಧಿಸಿದ್ದೀವಿ, ಹಾಗಾಗಿ ಖಾತೆಗೆ ಬರೋದನ್ನ ನಾನು ತಪ್ಪು ಅನ್ನಲ್ಲ. ಆದ್ರೆ ದುಡ್ಡು ತಡವಾಗಿ ಬಂತು. ಬಂದ ವಾರವೇ ಅವರಪ್ಪ ಮೆಣಸು ಕುಯ್ಯೋಕೆ ಹತ್ತಿದ್ದ ಏಣಿಯಿಂದ ಬಿದ್ದು ಸೊಂಟ ಮುರ್ಕೊಂಡರು. ಫೀಸಿನ ದುಡ್ಡು ಆಪರೇಷನ್‌ಗೆ ಹೋಯ್ತು. ಅವಳ ಜಾಗದಲ್ಲಿ ನೀವಿದ್ದಿದ್ರೂ ಅದನ್ನೇ ಮಾಡ್ತಿದ್ರಿ.

ಅವಳ ಜೊತೆ ಆ ಕಾಲೇಜಿಗೆ ಹೋದೆ. ಹೆಸರು ಬೇಡ, ಇದು ಒಂದು ಕಾಲೇಜಿನ ಕಥೆ ಅಲ್ಲ. ನಾನೂ ಗುಮಾಸ್ತ, ಕೌಂಟರಿನ ಆಚೆ ಕೂತವರ ಭಾಷೆ ನನಗೆ ಗೊತ್ತು. "ಡ್ಯೂಸ್ ಕ್ಲಿಯರ್ ಮಾಡಿ ತಗೊಂಡೋಗಿ ಸಾರ್" ಅಂದ್ರು. ಸರ್ಟಿಫಿಕೇಟು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಕೊಳ್ಳೋ ಹಾಗಿಲ್ಲ ಅಂತ ಯುಜಿಸಿ 2018ರಲ್ಲೇ ಹೊರಡಿಸಿದ ಅಧಿಸೂಚನೆ ತೋರಿಸಿದೆ. "ಇದನ್ನ ಮ್ಯಾನೇಜ್‌ಮೆಂಟಿಗೆ ಬರೆದುಕೊಡಿ" ಅಂದ್ರು. ಬರೆದುಕೊಟ್ಟೆ. ಸ್ವೀಕೃತಿ ಸೀಲು ಹಾಕಿಸ್ಕೊಂಡೆ, ಯಾಕಂದ್ರೆ ಸೀಲಿಲ್ಲದ ಅರ್ಜಿ ಎಲ್ಲಿ ಹೋಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಪ್ರತಿಯನ್ನ ವಿಶ್ವವಿದ್ಯಾಲಯಕ್ಕೂ ಸಮಾಜ ಕಲ್ಯಾಣ ಇಲಾಖೆಗೂ ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿದೆ. ಎರಡು ತಿಂಗಳಾದ ಮೇಲೆ ಕಾಲೇಜಿನವರೇ ಫೋನ್ ಮಾಡಿ ಕೊಟ್ರು. ಬಾಕಿಯನ್ನ ಕಂತಲ್ಲಿ ಕಟ್ತೀನಿ ಅಂತ ಮುಚ್ಚಳಿಕೆ ಬರೆಸ್ಕೊಂಡೇ ಕೊಟ್ರು.

ಅಲ್ಲಿಗೂ ಮುಗೀಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟೀಲಿ ಇನಿಷಿಯಲ್ ಒಂದು, ಆಧಾರಲ್ಲಿ ಇನ್ನೊಂದು. ಅದಕ್ಕೆ ಅಫಿಡವಿಟ್. ನಮ್ಮೂರಲ್ಲಿ ಕರೆಂಟ್ ಹೋದ್ರೆ ಟವರೂ ಹೋಗುತ್ತೆ. ಓಟಿಪಿಗೆ ಗುಡ್ಡ ಹತ್ತಿ ನಿಂತಿದ್ದೀವಿ, ಆನೆ ಬಂದಿದೆ ಅಂತ ಮೆಸೇಜ್ ಬಂದ್ರೆ ಅರ್ಧಕ್ಕೇ ಇಳಿದಿದ್ದೀವಿ. ಕೊನೆಗೆ ನೋಂದಣಿ ಆಯ್ತು. ಅಷ್ಟರಲ್ಲಿ ಅವಳು ಕಾಯ್ತಿದ್ದ ಒಂದು ನೇಮಕಾತಿಯ ಕೊನೇ ದಿನ ದಾಟಿ ಹದಿನೆಂಟು ದಿನ ಆಗಿತ್ತು.

ನಮ್ಮಜ್ಜಿ ಸೂಲಗಿತ್ತಿ. ದೊಡ್ಡಮನೆಯವರು ಹೆರಿಗೆ ನೋವು ಬಂದಾಗ ರಾತ್ರೋರಾತ್ರಿ ಕರೆಸೋರು, ಹಿತ್ತಲ ಬಾಗಿಲಿಂದ. ಮಗು ಅತ್ತ ಮೇಲೆ ಆ ಕೋಣೆ ತೊಳೆಸೋರು. ಕೂಲಿ ಒಂದು ಮೊರ ಭತ್ತ, ಹಳೇ ಸೀರೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪೇಪರ್ ಹಿಡ್ಕೊಂಡು ಅತ್ತಿದ್ದೆ. ನಮ್ಮಜ್ಜಿ ಹೆಸರು ಯಾವ ರಿಜಿಸ್ಟರಲ್ಲೂ ಇಲ್ಲ. ಈ ಹುಡುಗಿ ಹೆಸರು ಬೀಳೋಕೆ ಇಷ್ಟು ಒದ್ದಾಡಿದ್ದು ನೋಡಿ ನನಗೆ ಅಜ್ಜಿ ನೆನಪಾಯ್ತು, ಅಷ್ಟೇ.

ಇಲಾಖೆಗೆ ನನ್ನ ಬೇಡಿಕೆ ದೊಡ್ಡದಲ್ಲ. ಪದವಿವರೆಗೆ ದುಡ್ಡು ಕೊಡ್ತೀರಿ, ನೋಂದಣಿ ಶುಲ್ಕವನ್ನೂ ಅದರಲ್ಲೇ ಸೇರಿಸಿ. ಕೊನೇ ಸೆಮಿಸ್ಟರಲ್ಲೇ ಕಾಲೇಜಿನಲ್ಲಿ ಅರ್ಜಿ ತುಂಬಿಸಿ. ಒರಿಜಿನಲ್ ಹಿಡಿದಿಟ್ಟ ಕಾಲೇಜಿನ ಮೇಲೆ ಇಲಾಖೆಯೇ ನೋಟಿಸ್ ಕೊಡಲಿ. ಹುಡುಗಿ ಒಬ್ಬಳೇ ಹೋಗಿ ಕೌಂಟರಲ್ಲಿ ನಿಂತು ಕೇಳೋ ಹಾಗಾಗಬಾರದು.

ನಮ್ಮ ಸಂಘಟನೆಗಳಿಗೂ ಒಂದು ಮಾತು. ಶಾಲಿನ ದುಡ್ಡಲ್ಲಿ ಒಂದು ಅಫಿಡವಿಟ್ ಆಗುತ್ತೆ.

ಸಕಲೇಶಪುರ, ಆಲೂರು ಕಡೆ ನರ್ಸಿಂಗ್ ಕೊನೇ ವರ್ಷದಲ್ಲಿರೋ ಮಕ್ಕಳು, ಪಾಸಾಗಿ ನೋಂದಣಿ ಆಗದೆ ಕೂತಿರೋರು ಇನ್‌ಬಾಕ್ಸ್‌ಗೆ ಬನ್ನಿ. ಬರೋ ಭಾನುವಾರ ಸಕಲೇಶಪುರದಲ್ಲಿ ಕೂತು ಅರ್ಜಿ ತುಂಬೋಣ. ಎಸ್ಸೆಸ್ಸೆಲ್ಸಿ, ಪಿಯುಸಿ, ಎಲ್ಲಾ ವರ್ಷದ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ, ಫೋಟೊ ತನ್ನಿ. ಒರಿಜಿನಲ್ ಕಾಲೇಜಲ್ಲಿದ್ರೆ ಜೆರಾಕ್ಸ್ ತನ್ನಿ, ಪತ್ರ ನಾನು ಬರೀತೀನಿ. ಆ ಹುಡುಗೀನೂ ನೈಟ್ ಡ್ಯೂಟಿ ಮುಗಿಸಿ ಬರ್ತೀನಿ ಅಂದಿದ್ದಾಳೆ.

ಜೈಭೀಮ್.